ಉಪ್ಪಿನ ಬಾಲ

ಆ ಚಿಪ್ಸ್ ಕಾರ್ಖಾನೆಯಲ್ಲಿ ಯಂತ್ರಗಳಿಗೇನೂ ಬರವಿರಲಿಲ್ಲ. ಆಲೂಗಡ್ಡೆ ತೊಳೆಯಲು ಒಂದು, ಸಿಪ್ಪೆ ಹೆರೆಯಲು ಒಂದು, ಹೆಚ್ಚಲು ಒಂದು, ಕರಿಯಲು ಒಂದು, ಪೊಟ್ಟಣ ಕಟ್ಟಲು ಒಂದು ಸಾಲೇ ಇತ್ತು. ಆದರೆ ಉಪ್ಪಿನ ಮಾತು ಬಂದಾಗ ಮಾತ್ರ ಅಷ್ಟೂ ಯಂತ್ರಗಳು ಒಬ್ಬ ಮನುಷ್ಯನ ಮುಖ ನೋಡಿಕೊಂಡು ನಿಲ್ಲಬೇಕಿತ್ತು. ಕರಿದ ಚಿಪ್ಸ್ ಬಂದು ಬೀಳುವ ದೊಡ್ಡ ಉಕ್ಕಿನ ಡ್ರಮ್ಮಿನ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ರುಚಿ ನೋಡುವವನು. ಅವನು ಮೊದಲ ಹಿಡಿಯಿಂದ ಮೂರು ಚಿಪ್ಸ್ ಎತ್ತಿಕೊಂಡು, ಕಣ್ಣು ಮುಚ್ಚಿ ಒಂದೊಂದಾಗಿ ಅಗಿದು ನುಂಗುತ್ತಿದ್ದ. ಆಮೇಲೆ ಡ್ರಮ್ಮಿನ ಹೊಟ್ಟೆಗೆ ಅಂಗೈಯಿಂದ ಎರಡು ಸಲ ತಟ್ಟಿದನೋ, ಉಪ್ಪು ಸರಿಯಾಗಿದೆ ಎಂದು ಅರ್ಥ. ತಟ್ಟದಿದ್ದರೆ ಉಪ್ಪು ಬೀಳಿಸುವ ತಿರುಪು ಹಿಂದೆಯೋ ಮುಂದೆಯೋ ತಿರುಗಬೇಕು. ಒಂದು ಲೋಡಿನ ಆಲೂಗಡ್ಡೆಯಂತೆ ಇನ್ನೊಂದು ಲೋಡಿನದು ಇರುವುದಿಲ್ಲ, ಎಣ್ಣೆ ಬೆಳಗ್ಗೆ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ. ತಕ್ಕಡಿ ಉಪ್ಪನ್ನು ತೂಗೀತೇ ಹೊರತು ರುಚಿಯನ್ನಲ್ಲ.

ಅರ್ಧ ಆಯಸ್ಸನ್ನು ಆ ಸ್ಟೂಲಿನ ಮೇಲೆ ಕಳೆದವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವನು ನಾಲಿಗೆ ಮೇಷ್ಟ್ರು. ಮೇಷ್ಟ್ರು ಎಂದ ಮೇಲೆ ಪಾಠ ಬೇಡವೇ? ಅವನ ಬಳಿ ಇದ್ದದ್ದು ಒಂದೇ ಪಾಠ. "ಉಗುಳಬಾರದು ಕಣ್ರಯ್ಯ. ಉಪ್ಪಿನ ತಲೆ ನಾಲಿಗೆ ತುದೀಲಿರುತ್ತೆ, ಬಾಲ ಗಂಟಲಲ್ಲಿರುತ್ತೆ. ಉಗುಳಿದವನಿಗೆ ಬಾಲ ಸಿಗಲ್ಲ." ಬೇರೆ ಕಡೆ ರುಚಿ ನೋಡುವವರು ಅಗಿದು ಬಕೆಟ್ಟಿಗೆ ಉಗುಳುತ್ತಾರಂತೆ ಎಂದು ಯಾರೋ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮ್ಯಾನೇಜರಿಗೂ ಆ ಮಾತು ಹಿಡಿಸಿ, ಡ್ರಮ್ಮಿನ ಹಿಂದಿನ ಗೋಡೆಯ ಮೇಲೆ 'ಉಗುಳಬಾರದು' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹೊಸಬರು ಅದನ್ನು ನೆಲ ಗಲೀಜು ಮಾಡಬೇಡಿ ಎಂದು ತಿಳಿದುಕೊಳ್ಳುತ್ತಿದ್ದರು.

ಹೀಗೆ ವರ್ಷಗಟ್ಟಲೆ ನುಂಗಿದ ಉಪ್ಪು ಸುಮ್ಮನೆ ಇರುತ್ತದೆಯೇ? ಒಂದು ಬೆಳಗ್ಗೆ ಕಾರ್ಖಾನೆಯ ಮೆಟ್ಟಿಲ ಮೇಲೆ ಮೇಷ್ಟ್ರಿಗೆ ಕಣ್ಣು ಕತ್ತಲಿಟ್ಟಿತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ನಂಬಿಕೆ ಬಾರದೆ ಇನ್ನೊಂದು ತೋಳಿಗೂ ಸುತ್ತಿದರು. "ಈ ಬಿ.ಪಿ. ಇಟ್ಕೊಂಡು ನೀವು ನಡೆದು ಬಂದಿದ್ದೇ ಹೆಚ್ಚು. ಮುಂದಿನ ಸಲ ಎತ್ಕೊಂಡೇ ಬರಬೇಕಾಗುತ್ತೆ" ಎಂದರು. ಮೂರು ತಿಂಗಳು ರಜೆ. ಉಪ್ಪು, ಕರಿದದ್ದು ಬಾಯಿಗೆ ಸೋಕಕೂಡದು.

ಅಲ್ಲಿಂದ ಮುಂದೆ ಹೆಂಡತಿಯ ರಾಜ್ಯಭಾರ. ಬೇಯಿಸಿದ ತರಕಾರಿ, ಸೊಪ್ಪು, ಬೇಳೆ, ಹಣ್ಣು. ಉಪ್ಪಿನ ಡಬ್ಬಿ ಅಟ್ಟ ಹತ್ತಿತು. ಅವಳು ತಾನೂ ಅದನ್ನೇ ತಿಂದಳು. "ನಿಮಗೊಂದು ಅಡುಗೆ ನನಗೊಂದು ಅಡುಗೆ ಮಾಡೋಕೆ ನನಗೇನು ಎಂಟು ಕೈ ಇದೆಯಾ?" ಎಂದು ಗದರಿದಳಾದರೂ ವಿಷಯ ಅದಲ್ಲ. ಗಂಡ ಒಬ್ಬನೇ ಶಿಕ್ಷೆ ಅನುಭವಿಸುವುದು ಅವಳಿಗೆ ಬೇಡವಾಗಿತ್ತು. ಮೊದಲ ವಾರಗಳಲ್ಲಿ ಮೇಷ್ಟ್ರು ತಟ್ಟೆಯ ಮುಂದೆ ಕೂತು, "ದನ ಕೂಡ ಇದನ್ನ ನೋಡಿ ಅಳುತ್ತೆ ಕಣೆ" ಎನ್ನುತ್ತಿದ್ದ. ಆಮೇಲೊಂದು ದಿನ ಕ್ಯಾರೆಟ್ ಕಚ್ಚಿದವನು ಹಾಗೇ ನಿಂತುಬಿಟ್ಟ. ಅದು ಸಿಹಿಯಾಗಿತ್ತು. ಇಷ್ಟು ವರ್ಷ ಕ್ಯಾರೆಟ್ ತಿಂದಿದ್ದ, ಅದರ ಸಿಹಿ ಗೊತ್ತೇ ಇರಲಿಲ್ಲ. ಕ್ರಮೇಣ ಮೈ ಹಗುರಾಯಿತು, ನಿದ್ದೆ ಬಂತು, ಕಾಲಿನ ಊತ ಇಳಿಯಿತು. ಮದುವೆಯ ಉಂಗುರ ಸಡಿಲವಾಗಿ, ಕೈ ತೊಳೆಯುವಾಗ ಸೋಪಿನ ಜೊತೆ ಜಾರಿ ಬಿತ್ತು. ಹೆಂಡತಿ ಅದಕ್ಕೆ ಕೆಂಪು ದಾರ ಸುತ್ತಿ ಮತ್ತೆ ಬೆರಳಿಗೆ ತೊಡಿಸಿದಳು. "ಮದುವೆ ದಿನಾನೂ ಇಷ್ಟೇ ಸಡಿಲ ಇತ್ತು ರೀ. ಆ ಗಂಡ ವಾಪಸ್ ಬಂದ ನೋಡಿ" ಎಂದು ನಕ್ಕಳು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು. ಮೇಷ್ಟ್ರಿಗೆ ಅದು ಡಾಕ್ಟರ ಮಾತಿಗಿಂತ ಹೆಚ್ಚು ನಾಟಿತು.

ರಜೆ ಮುಗಿದು ಸ್ಟೂಲಿನ ಮೇಲೆ ಕೂತ ಮೊದಲ ಬೆಳಗ್ಗೆ ಮೂರು ಚಿಪ್ಸ್ ಎತ್ತಿಕೊಂಡ. ಮೊದಲನೆಯದು ನಾಲಿಗೆಗೆ ತಗುಲಿದ್ದೇ ತಡ, ಯಾರೋ ಬಾಯಿಗೆ ಸಮುದ್ರ ಸುರಿದಂತಾಯಿತು. ತುಟಿ ಚುರುಗುಟ್ಟಿತು. ಎಣ್ಣೆ ಅಂಗುಳಕ್ಕೆ ಮೇಣದಂತೆ ಅಂಟಿತು. ಗೋಡೆಯ ಮೇಲಿನ ಅಕ್ಷರ ನೋಡಿಕೊಂಡು ಕಷ್ಟಪಟ್ಟು ನುಂಗಿದ.

"ಏನಯ್ಯಾ ಇದು!" ಎಂದು ಡ್ರಮ್ಮಿನ ತಿರುಪು ನೋಡಿಕೊಳ್ಳುವ ಮಸಾಲೆಯವನ ಮೇಲೆ ಹರಿಹಾಯ್ದ. "ನಾನು ಮೂರು ತಿಂಗಳು ಇಲ್ಲದಿದ್ದಕ್ಕೆ ಉಪ್ಪಿನ ಗೋಡೌನೇ ಸುರಿದಿದ್ದೀಯಲ್ಲೋ!"

"ನೀವಿಲ್ಲದಾಗ ಹೇಗೋ ಅಂದಾಜಲ್ಲಿ ನಿಭಾಯಿಸಿದ್ವಿ, ಇವತ್ತು ತಿರುಪು ನೀವು ಬಿಟ್ಟು ಹೋದ ಗುರುತಲ್ಲೇ ಇದೆ ಮೇಷ್ಟ್ರೇ. ಮುಟ್ಟಿಲ್ಲ."

"ಹಾಗಾದ್ರೆ ತಿರುಪು ಸವೆದಿದೆ. ಇಳಿಸು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಮೇಷ್ಟ್ರನ್ನು ಬಯ್ದು ಪ್ರಯೋಜನವಿಲ್ಲ. ಅಷ್ಟು ವರ್ಷ ಅವನ ನಾಲಿಗೆ ಒಂದು ಸಲವೂ ತಪ್ಪಿರಲಿಲ್ಲ. ತಪ್ಪೀತು ಎಂಬ ಯೋಚನೆ ಅವನಿಗೂ ಬರಲಿಲ್ಲ, ಮಸಾಲೆಯವನಿಗೂ ಬರಲಿಲ್ಲ. ಅವನು ಇಳಿಸು ಎಂದ, ಇವನು ಇಳಿಸಿದ. ಮತ್ತೆ ಇಳಿಸು ಎಂದ, ಮತ್ತೆ ಇಳಿಸಿದ. ಕೊನೆಗೆ ಮೇಷ್ಟ್ರು ಡ್ರಮ್ಮಿಗೆ ಎರಡು ಸಲ ತಟ್ಟಿದ. ಆ ವಾರದ ಮಾಲೆಲ್ಲ ಹಾಗೇ ಹೋಯಿತು. ಮುಂದಿನ ವಾರ ಅದೇ ಲಾರಿಗಳಲ್ಲಿ ಹಾಗೇ ತಿರುಗಿ ಬಂತು. ಅಂಗಡಿಯವರೆಲ್ಲ ಹೇಳಿ ಕಳಿಸಿದ್ದು ಒಂದೇ ಮಾತು: ಸಪ್ಪೆ.

ಮ್ಯಾನೇಜರ್ ಕೆಟ್ಟವರಲ್ಲ. ಕೋಣೆಗೆ ಕರೆದು, ಕುರ್ಚಿ ತೋರಿಸಿ, ಬಾಗಿಲು ಮುಚ್ಚಿದರು. "ಮೇಷ್ಟ್ರೇ, ಈ ತಿಂಗಳ ಕೊನೆಗೆ ಧಣಿಗಳು ಬರ್ತಾರೆ. ಅಲ್ಲೀವರೆಗೆ ತಿರುಪು ಹಳೇ ಗುರುತಲ್ಲೇ ಇರಲಿ. ಅವರ ಎದುರಿಗೆ ಐದು ತಟ್ಟೆ ಇಡ್ತೀವಿ, ಐದರಲ್ಲೂ ಬೇರೆ ಬೇರೆ ಉಪ್ಪು. ನಮ್ಮ ರುಚಿ ಯಾವುದು ಅಂತ ನೀವು ಹೇಳಬೇಕು. ಹೇಳಿದ್ರೆ ಸ್ಟೂಲು ನಿಮ್ಮದು. ಹೇಳದಿದ್ರೆ ನನ್ನ ಕೈಲಿ ಏನೂ ಇಲ್ಲ."

"ಬೇರೆ ಕೆಲಸ ಏನಾದ್ರೂ, ಸಾರ್?"

"ಪ್ಯಾಕಿಂಗಿಗೆ ಈ ವಯಸ್ಸಿನವರನ್ನ ತಗೊಳ್ಳಲ್ಲ. ಕೆಲಸ ಹೋದ್ರೆ ಕ್ವಾರ್ಟರ್ಸೂ ಬಿಡಬೇಕಾಗುತ್ತೆ. ನಿಮಗೆ ಗೊತ್ತಿರೋದೇ."

ಗೊತ್ತಿರುವುದೇ. ಅವನ ಮನೆ ಕಾರ್ಖಾನೆಯ ಬೆನ್ನಿಗೇ ಅಂಟಿಕೊಂಡಿದ್ದ ಕ್ವಾರ್ಟರ್ಸಿನ ಎರಡು ಕೋಣೆ. ಕಿಟಕಿ ತೆರೆದರೆ ಕರಿಯುವ ವಾಸನೆ, ಮುಚ್ಚಿದರೆ ಸೆಕೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಬೇರೆ ಕೆಲಸ ಕಲಿತವನಲ್ಲ. ಕಲಿತದ್ದೆಲ್ಲ ಬಾಯೊಳಗಿನ ಆ ತುಂಡು ಮಾಂಸದ ಮೇಲಿತ್ತು. ಮನೆಯ ಊಟ ಉಂಡರೆ ನಾಲಿಗೆ ಕೆಲಸಕ್ಕೆ ಬಾರದು, ಕೆಲಸಕ್ಕೆ ಬರುವಂತೆ ಮಾಡಿದರೆ ಮೈ ಉಳಿಯದು. ಅತ್ತ ದರಿ, ಇತ್ತ ಪುಲಿ. ಹೆಂಡತಿಗೆ ಹೇಳೋಣವೆಂದುಕೊಂಡು ಮನೆಗೆ ಬಂದ. ಅವಳು ಕುಂಬಳಕಾಯಿ ಹೆಚ್ಚುತ್ತಾ ಏನೋ ಗುನುಗುತ್ತಿದ್ದಳು. ಹೇಳಲು ಬಾಯಿ ಬರಲಿಲ್ಲ.

ಮಾರನೆಯ ಸಂಜೆ ಅಂಗಿಯೊಳಗೆ ಎರಡು ಪೊಟ್ಟಣ ಅಡಗಿಸಿಕೊಂಡು ಬಂದು ಬಚ್ಚಲಿಗೆ ನುಗ್ಗಿದ. ಚಿಪ್ಸಿನ ಪೊಟ್ಟಣ ಕದ್ದು ತಿನ್ನುವವರಿಗೆಂದು ಮಾಡಿದ್ದಲ್ಲ. ಮುಟ್ಟಿದರೆ ಸಾಕು, ಊರಿಗೆಲ್ಲ ಸಾರುತ್ತದೆ. ನಲ್ಲಿ ಜೋರಾಗಿ ಬಿಟ್ಟು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಆ ಸದ್ದಿನ ಮರೆಯಲ್ಲಿ ತಿಂದ. ಒಂದು ಪೊಟ್ಟಣ ಮುಗಿಯುವ ಹೊತ್ತಿಗೆ ಹಣೆಯ ಮೇಲೆ ಬೆವರು ಮೂಡಿತ್ತು. ಎರಡನೆಯದರ ಅರ್ಧಕ್ಕೆ ಹೊಟ್ಟೆ ತಿರುವಿ ಬಂತು. ಅಭ್ಯಾಸಬಲ ನೋಡಿ, ಆಗಲೂ ಉಗುಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನುಂಗಿದ.

ಮೈ ಹಳೆಯ ವೈರಿಯನ್ನು ಗುರುತು ಹಿಡಿದು ಕೂಗಾಡತೊಡಗಿತು. ಎದೆಯಲ್ಲಿ ಉರಿ, ಕಿವಿಯ ಹಿಂದೆ ಡವಡವ, ಒಂದು ಹೂಜಿ ನೀರು ಕುಡಿದರೂ ಇಂಗದ ದಾಹ. ಹೊಟ್ಟೆ ಉಬ್ಬಿ, ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು ಕೂರಬೇಕಾಯಿತು. ಮಲಗಿದರೆ ಹುಳಿ ಗಂಟಲಿಗೇ ಬರುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಕುಡಿದ ನೀರು ಎಲ್ಲಿ ಹೋಗುತ್ತದೆಂದು ಗಾದೆ ಹೇಳುವುದಿಲ್ಲ. ಅದು ಕಾಲಿಗೆ ಹೋಗುತ್ತದೆ. ಕಾಲುಚೀಲ ಬಿಚ್ಚಿದರೆ ಗೆರೆ ಹಾಗೇ ಉಳಿಯುತ್ತಿತ್ತು, ಹೆಬ್ಬೆರಳಿಂದ ಒತ್ತಿದರೆ ಗುಳಿ ಮೇಲೇಳುತ್ತಿರಲಿಲ್ಲ.

"ಏನ್ರೀ ಇದು, ಸಂಜೆ ಹೊತ್ತು ಹಲ್ಲುಜ್ಜೋದು?" ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು. "ಹೆಣ್ಣು ನೋಡೋಕೇನಾದ್ರೂ ಹೊರಟಿದ್ದೀರಾ?"

"ಡಾಕ್ಟ್ರು ಹೇಳಿದ್ರು, ಬಾಯಿ ಶುದ್ಧವಾಗಿರಬೇಕಂತೆ."

"ಹೌದೌದು, ನಾಲಿಗೆ ಮೇಷ್ಟ್ರಲ್ವಾ" ಎಂದು ನಕ್ಕಳು. ಆಮೇಲೆ ಅವನ ಕಾಲು ನೋಡಿದಳು. ನಗು ನಿಂತಿತು. "ಊತ ಬಂದಿದೆಯಲ್ಲ! ನಾನೇ ಎಲ್ಲೋ ಎಡವಿದ್ದೀನಿ. ಮನಸ್ಸು ತಡೀದೆ ಬೇಳೆಗೆ ಒಂದು ಚಿಟಿಕೆ ಉಪ್ಪು ಹಾಕ್ತಿದ್ದೆ, ಅದೇ ಇರಬೇಕು. ನಾಳೆಯಿಂದ ಅದೂ ಬೇಡ."

ಆ ಚಿಟಿಕೆಯೂ ಹೋಯಿತು. ಅವನು ಬಚ್ಚಲಲ್ಲಿ ತಿಂದದ್ದರ ತಪ್ಪನ್ನು ಅವಳು ತನ್ನ ಚಿಟಿಕೆಯ ಮೇಲೆ ಹಾಕಿಕೊಂಡಿದ್ದಳು. ಅಂದು ರಾತ್ರಿ ಉಪ್ಪಿಲ್ಲದ ಬೇಳೆಯನ್ನು ಅವಳು ತನ್ನ ತಟ್ಟೆಯಿಂದ ಗೊಣಗದೆ ಉಣ್ಣುವುದನ್ನು ನೋಡುತ್ತಾ ಕೂತ ಮೇಷ್ಟ್ರಿಗೆ ನಾಚಿಕೆಯಾಯಿತು. ಹೇಳಿದರೆ ಮನೆ ಬಿಡೋಣ ಎನ್ನುತ್ತಾಳೆ, ಬಿಟ್ಟು ಹೋಗುವುದಾದರೂ ಎಲ್ಲಿಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ, ನುಂಗಲೂ ಆಗದೆ ಉಗುಳಲೂ ಆಗದೆ ಕೂತ.

ಹೀಗೇ ದಿನ ಉರುಳಿದವು. ಬಚ್ಚಲು, ನಲ್ಲಿ, ಪೊಟ್ಟಣ, ಬ್ರಷ್ಷು. ಆಮೇಲೊಂದು ಸಂಜೆ ಎರಡು ಪೊಟ್ಟಣವನ್ನೂ ಮುಗಿಸಿ, ಎದೆಯುರಿಗಾಗಿ ಕಾದು ಕೂತ. ಬರಲಿಲ್ಲ. ತಲೆ ಬಡಿಯಲಿಲ್ಲ. ಹೊಟ್ಟೆ ತಣ್ಣಗೆ ಕೂತಿತ್ತು. ಬೆರಳಿಗಂಟಿದ ಉಪ್ಪನ್ನು ತಾನು ನೆಕ್ಕುತ್ತಿದ್ದದ್ದು ಅವನಿಗೆ ಆಗ ತಿಳಿಯಿತು. ಇನ್ನೊಂದು ಪೊಟ್ಟಣ ಇದ್ದಿದ್ದರೆ ಎಂದೂ ಅನ್ನಿಸಿತು. ಮೈ ಕೂಗಾಡುತ್ತಿದ್ದಷ್ಟು ದಿನ ಮೇಷ್ಟ್ರಿಗೆ ಸಂಕಟವಾಗಿತ್ತೇ ಹೊರತು ಭಯವಾಗಿರಲಿಲ್ಲ. ಈಗ ಭಯವಾಯಿತು. ಬೊಗಳುವ ನಾಯಿ ಸುಮ್ಮನಾದರೆ ಕಳ್ಳ ಹೊರಗೆ ಹೋದನೆಂದು ಅರ್ಥವಲ್ಲ, ಮನೆಯವನೇ ಆದನೆಂದು ಅರ್ಥ.

ಧಣಿಗಳು ಬಂದರು. ಡ್ರಮ್ಮಿನ ಪಕ್ಕ ಮೇಜು ಹಾಕಿ ಐದು ತಟ್ಟೆ ಇಟ್ಟರು. ಮೇಷ್ಟ್ರು ಪ್ರತಿ ತಟ್ಟೆಯಿಂದಲೂ ಮೂರು ಮೂರು ತೆಗೆದು ಅಗಿದ, ನುಂಗಿದ. ಮೊದಲನೆಯದು ಸಪ್ಪೆ. ಎರಡನೆಯದು ಇನ್ನೂ ಸಪ್ಪೆ. ಮೂರನೆಯದು ಹತ್ತಿರ ಬಂದು ಜಾರಿತು. ನಾಲ್ಕನೆಯದನ್ನು ನುಂಗಿದಾಗ ಗಂಟಲಲ್ಲಿ ಹಳೆಯ ಗೆಳೆಯ ಸಿಕ್ಕಂತಾಯಿತು, ಅಗೋ ಬಾಲ. ಐದನೆಯದನ್ನೂ ಮರ್ಯಾದೆಗೆ ನೋಡಿ, ನಾಲ್ಕನೆಯ ತಟ್ಟೆಯನ್ನು ಮುಂದೆ ತಳ್ಳಿ, ಡ್ರಮ್ಮಿಗೆ ಅಂಗೈಯಿಂದ ಎರಡು ಸಲ ತಟ್ಟಿದ. ಮಸಾಲೆಯವನು ಸಿಳ್ಳೆ ಹಾಕಿದ. ಮ್ಯಾನೇಜರ್ ಬೆವರು ಒರೆಸಿಕೊಂಡರು. ಧಣಿಗಳು ಬೆನ್ನು ತಟ್ಟಿ ಬಹುಮಾನ ಕೊಟ್ಟರು: ಒಂದು ಪೂರಾ ಪೆಟ್ಟಿಗೆ ಚಿಪ್ಸ್.

ಪೆಟ್ಟಿಗೆಯನ್ನು ಮನೆಯ ಹೊರಗೆ, ಚಪ್ಪಲಿ ಗೂಡಿನ ಹಿಂದೆ ತಳ್ಳಿ ಒಳಗೆ ಬಂದ. ಹೆಂಡತಿ ಬಟ್ಟಲಿಗೆ ಬೇಳೆ ಬಡಿಸಿ ಮುಂದಿಟ್ಟಳು. ಒಂದು ಚಮಚ ಬಾಯಿಗಿಟ್ಟವನ ಮುಖ ಅರಳಿತು. ಎರಡನೆಯದನ್ನೂ ತಿಂದ.

"ಹೇಗಿದೆ?" ಎಂದಳು.

"ಇವತ್ತು ಬಹಳ ಚೆನ್ನಾಗಿದೆ ಕಣೆ."

"ಉಪ್ಪು?"

"ಹದವಾಗಿದೆ" ಎಂದು, ಗೆದ್ದು ಬಂದ ಖುಷಿಯಲ್ಲಿ, ಮೇಜಿಗೆ ಅಂಗೈಯಿಂದ ಎರಡು ಸಲ ತಟ್ಟಿದ.

ಹೆಂಡತಿ ಮೂರನೆಯ ಚಮಚ ಬಾಯಿಗೆ ಹೋಗುವ ಮೊದಲೇ ಬಟ್ಟಲನ್ನು ಎಳೆದುಕೊಂಡಳು. "ಈ ಬಟ್ಟಲಿಗೆ ಒಂದು ಚಮಚ ತುಂಬ ಉಪ್ಪು ಸುರಿದಿದ್ದೀನಿ ರೀ. ನನ್ನ ಕೈಲಿ ಬಾಯಿಗಿಡೋಕೂ ಆಗ್ಲಿಲ್ಲ."

ಅವನು ಮೇಜಿನ ಮೇಲಿದ್ದ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ಚಿಟಿಕೇನೂ ತೆಗೆದ ಮೇಲೂ ಊತ ಏರ್ತಾನೇ ಇತ್ತು. ಎಲ್ಲಿಂದ ಬರ್ತಿದೆ ಅಂತ ನೋಡಬೇಕಿತ್ತು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮೇಷ್ಟ್ರು ಎಲ್ಲ ಹೇಳಿದ. ತಿರುಗಿ ಬಂದ ಲಾರಿ, ಐದು ತಟ್ಟೆ, ಬಚ್ಚಲು, ಹೊರಗಿನ ಪೆಟ್ಟಿಗೆ. ಅವಳು ಕೇಳಿಸಿಕೊಂಡಳು.

"ಬಿಟ್ಟುಬಿಡಿ" ಎಂದಳು.

"ಬಿಟ್ಟರೆ ಈ ಮನೆ?"

ಅವಳು ಗೋಡೆಗಳನ್ನು ಒಮ್ಮೆ ನೋಡಿದಳು, ಕಿಟಕಿ ನೋಡಿದಳು. ಆ ಹೊತ್ತಿನಲ್ಲೂ ಕರಿಯುವ ವಾಸನೆ ಬರುತ್ತಿತ್ತು.

ಅವಳು ಅವನ ಕೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಬೆರಳು ಊದಿ ಉಂಗುರ ಒಳಗೆ ಕಚ್ಚಿತ್ತು, ಕೆಂಪು ದಾರ ಮಾಂಸದಲ್ಲಿ ಹೂತಿತ್ತು. ಸೋಪು ಹಚ್ಚಿ ತಿರುಗಿಸಿದಳು, ಬರಲಿಲ್ಲ. ಎಣ್ಣೆ ಹಚ್ಚಿದಳು, ಬರಲಿಲ್ಲ. ಕೊನೆಗೆ ಉಗುರು ಕತ್ತರಿಸುವ ಪುಟ್ಟ ಕತ್ತರಿ ತಂದು, ಅವನಿಗೆ ನೋವಾಗದಂತೆ ತುದಿ ತೂರಿಸಿ, ತಾನೇ ಸುತ್ತಿದ ದಾರವನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆದಳು. ಅವಳ ಕಣ್ಣೀರು ಅವನ ಕೈಮೇಲೆ ಬಿದ್ದಾಗ ಒರೆಸಲೂ ಇಲ್ಲ.

"ಈಗ ಬೆರಳಿಗೆ ಸ್ವಲ್ಪ ಜಾಗ ಆಯ್ತು" ಎಂದಳು.

ಆಮೇಲೆ ದಾರದ ಚೂರುಗಳನ್ನು ಗೋರಿ ಎತ್ತಿ ಕಸದ ಬುಟ್ಟಿಗೆ ಹಾಕಿ, ಅವನ ಮುಂದೆ ಒಂದು ದೊಡ್ಡ ಲೋಟ ನೀರಿಟ್ಟು, "ನಾಳೆ ಎಷ್ಟು ಗಂಟೆಗೆ ಹೋಗಬೇಕು?" ಎಂದು ಕೇಳಿದಳು.