ಮುನಿಯಲ್ಲಪ್ಪನ ಗಂಟು

ಟೇಕಲ್ಲಿನ ಮುನಿಯಲ್ಲಪ್ಪ ಐವತ್ತೆರಡು ವರ್ಷದವನಾದರೂ ಸಮುದ್ರವನ್ನು ಕಣ್ಣಲ್ಲಿ ಕಂಡವನಲ್ಲ. ಹಾಗಂತ ಅವನ ಮುಂದೆ ಹೇಳುವ ಹಾಗಿರಲಿಲ್ಲ. "ನೀರು ನೀರೇ ತಾನೆ. ಉಪ್ಪು ಬಿದ್ದ ಮಾತ್ರಕ್ಕೆ ಅದಕ್ಕೇನು ಕೊಂಬು ಬಂದ್ಬಿಡ್ತಾ?" ಅನ್ನುತ್ತಿದ್ದ. ಕೆರೆ ಏರಿಯ ಮೇಲೆ ಕೂತು ಗಾಳ ಹಾಕುವುದರಲ್ಲಿ ಸುತ್ತ ಏಳು ಹಳ್ಳಿಯಲ್ಲಿ ಅವನ ಸಮ ಯಾರೂ ಇರಲಿಲ್ಲ, ಅದು ನಿಜ. ಇಲ್ಲ ಅಂತ ಏಳು ಹಳ್ಳಿಗೂ ಅವನೇ ಹೇಳಿಕೊಂಡು ಬಂದಿದ್ದ, ಅದೂ ನಿಜ.

ಅವನ ಅಳಿಯ ಕದಿರೇಶ ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಮಗ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಹೆಂಚು ತುಂಬಿದ ಲಾರಿಯ ಜೊತೆ ಆಗಾಗ ಮದ್ರಾಸಿಗೆ ಹೋಗಿ ಇಳಿಸಿ ಬರುತ್ತಿದ್ದ. ಎಪ್ಪತ್ತೆಂಟನೇ ಇಸವಿಯ ಜ್ಯೇಷ್ಠದಲ್ಲಿ ಹಾಗೆ ಹೋದಾಗ ಮಾವನ ಗಾಳವನ್ನೇ ಕೇಳಿ ಒಯ್ದು ಸಮುದ್ರಕ್ಕೆ ಎಸೆದಿದ್ದ. ಬಂದವನು ಅಂಗೈ ತೋರಿಸಿದ. ಕೆಂಪಗೆ ಒಂದು ಗೆರೆ ಎದ್ದಿತ್ತು.

"ಏನೋ ಕಚ್ತು ಮಾವ, ದಾರ ಟಪ್ ಅಂತ ಕಡಿದೋಯ್ತು. ಒಳ್ಳೇದೇ ಆಯ್ತು ಬಿಡು. ಅಲ್ಲಿನೋರು ಸೊಂಟದಲ್ಲಿ ಚಾಕು ಸಿಗಿಸ್ಕೊಂಡೇ ನೀರಿಗಿಳಿಯೋದು. ಮೀನು ದೊಡ್ದಾದ್ರೆ ದಾರ ಕುಯ್ದು ಬಿಟ್ಬಿಡ್ತಾರೆ."

"ಬಿಟ್ಬಿಡ್ತಾರಂತೆ," ಎಂದು ಮುನಿಯಲ್ಲಪ್ಪ ಮೂಗು ಮುರಿದ. "ಬಿಡೋದಕ್ಕೆ ಯಾಕ್ಲಾ ಗಾಳ ಹಾಕ್ಬೇಕು, ಮನೇಲೇ ಬಿದ್ದಿರಬೌದಲ್ಲ." ಹೊರಗೆ ನಕ್ಕನೇ ಹೊರತು ಒಳಗೆ ಅವನಿಗೆ ಉರಿದುಹೋಗಿತ್ತು. ಅವನ ಕೈಯ ದಾರ ಅದುವರೆಗೆ ಕಡಿದದ್ದಿರಲಿಲ್ಲ. ಮುಂದಿನ ಲಾರಿಗೆ ತಾನೂ ಬರುತ್ತೇನೆ, ಸರಂಜಾಮು ಎಲ್ಲ ತಾನೇ ಹೊಂದಿಸುತ್ತೇನೆ ಎಂದು ಹಟ ಹಿಡಿದ.

ಅಷ್ಟರಲ್ಲಿ ಆಷಾಢ ಬಂತು. ಆ ತಿಂಗಳು ಅತ್ತೆ ಸೊಸೆಯಾಗಲಿ ಅತ್ತೆ ಅಳಿಯನಾಗಲಿ ಒಂದೇ ಹೊಸಿಲು ದಾಟಬಾರದೆಂದು ಮಗಳು ಶ್ಯಾಮಲಮ್ಮ ತವರಿಗೆ ಬಂದಳು, ಕದಿರೇಶ ಮಾಲೂರಿನಲ್ಲೇ ಉಳಿದ. ಮದುವೆಯಾಗಿ ಇನ್ನೂ ನಾಲ್ಕೇ ತಿಂಗಳು. ಮಾಲೂರಿನ ಕಡೆಯ ರೈಲು ಕೂಗಿದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು.

ಮುನಿಯಲ್ಲಪ್ಪ ಮೊದಲು ಹೋದದ್ದು ಕುಲುಮೆಗೆ. ಕೆರೆ ಮೀನಿಗಾದರೆ ಸೈಕಲ್ ಕಡ್ಡಿ ಬಗ್ಗಿಸಿದರೆ ಗಾಳವಾಗುತ್ತದೆ. ಈ ಸಲ ಅವನು ಹಳೆಯ ಬಕೆಟ್ಟಿನ ಹಿಡಿಕೆ ಕಿತ್ತುಕೊಂಡು ಹೋಗಿದ್ದ. ಕುಲುಮೆಯ ಮುನಿರಾಮಪ್ಪ ಅದನ್ನು ಕೆಂಡದಲ್ಲಿಟ್ಟು, ಬಗ್ಗಿಸಿ, ಮುಳ್ಳು ಎಬ್ಬಿಸಿ, ನೀರಿಗೆ ಅದ್ದಿ ಎತ್ತಿ ನೋಡಿದ.

"ಇದು ಮೀನಿಗಾ, ಎಮ್ಮೆಗಾ?" ಎಂದು ಕೇಳಿದ.

"ಕಚ್ಚಿದ್ದು ಬಿಡಬಾರದು, ಅಷ್ಟೇ."

"ಬಿಡಲ್ಲ ಬಿಡು. ಇದು ಸಿಕ್ಕಿದ ಮೇಲೆ ಅದೂ ಬಿಡೋಕಾಗಲ್ಲ, ನೀನೂ ಬಿಡೋಕಾಗಲ್ಲ." ಮುನಿರಾಮಪ್ಪ ನಗದೆ ಹೇಳಿ ಗಾಳವನ್ನು ಕೈಗೆ ಕೊಟ್ಟ. ಅದು ಇನ್ನೂ ಬಿಸಿಯಾಗಿತ್ತು.

ದಾರಕ್ಕೆ ಕೋಲಾರದ ಪೇಟೆಗೇ ಹೋದ. ಹಗ್ಗದಂಗಡಿಯ ಶ್ರೀರಾಮಪ್ಪ ಗಾಳಕ್ಕೆ ಕಟ್ಟುವ ತಂಗೂಸಿ ದಾರದ ಉಂಡೆಗಳನ್ನು ಒಂದೊಂದಾಗಿ ಇಳಿಸಿದ. ಇದ್ದುದರಲ್ಲೇ ದಪ್ಪನೆಯದನ್ನು ಮುನಿಯಲ್ಲಪ್ಪ ಮುಂಗೈಗೆ ಸುತ್ತಿ ಮೊಣಕಾಲಿಗೆ ಹಾಕಿ ಎಳೆದ. ಮೂರನೆಯ ಎಳೆತಕ್ಕೆ ಕಡಿಯಿತು. ಅವನ ಕಣ್ಣು ಮೂಲೆಯಲ್ಲಿ ನೇತಾಡುತ್ತಿದ್ದ ಹಸಿರು ನೈಲಾನ್ ಹುರಿಯ ಮೇಲೆ ಬಿತ್ತು.

"ಅದು ಮೀನಿಗಲ್ಲಣ್ಣ, ಲಾರಿ ಟಾರ್ಪಾಲು ಬಿಗಿಯೋಕೆ. ದಾರ ಅಂದ್ರೆ ಒಂದು ಹದಕ್ಕೆ ಕಡೀಬೇಕು ಕಣಣ್ಣ," ಎಂದ ಶ್ರೀರಾಮಪ್ಪ.

"ಅದನ್ನ ನನಗೆ ಕಲಿಸ್ತೀಯಾ? ಇದು ಕಡೀತದಾ ಹೇಳು."

ಇಬ್ಬರೂ ರಸ್ತೆಯ ಆಚೆ ಈಚೆ ನಿಂತು, ಹಿಮ್ಮಡಿ ಊರಿ ಎಳೆದರು. ಎತ್ತಿನ ಗಾಡಿಯವನೊಬ್ಬ ನಿಂತು ನೋಡಿದ. ಹುರಿ ಕಡಿಯಲಿಲ್ಲ. ಮುನಿಯಲ್ಲಪ್ಪ ಎಂಬತ್ತು ಗಜ ಅಳೆಸಿಕೊಂಡ.

ಎರೆಗೆ ರೇಷ್ಮೆ ನೂಲು ತೆಗೆಯುವವರ ಮನೆಯಿಂದ ಬೆಂದ ಹುಳ ತಂದು ಡಬ್ಬಿಗೆ ತುಂಬಿದ. ಆ ನಾತಕ್ಕೆ ಕೆರೆಯ ಮೀನು ಸಾಲುಗಟ್ಟಿ ಬರುತ್ತಿದ್ದವು. ಹೊರಡುವ ದಿನ ಶ್ಯಾಮಲಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಚೀಲಕ್ಕೆ ಹಾಕಿದಳು. ಅಡಿಗೆಮನೆಯ ಸಣ್ಣ ಚಾಕನ್ನು ಬಟ್ಟೆಯಲ್ಲಿ ಸುತ್ತಿ ಅದನ್ನೂ ಇಟ್ಟಳು.

"ಬಾವನಿಗೆ ಹೇಳಿ ಕಳಿಸಿದೀನಿ ಅಪ್ಪಾ, ಚಾಕು ಇಟ್ಟಿರ್ತೀನಿ ಅಂತ. ಮರೀದೆ ಅವರ ಸೊಂಟಕ್ಕೆ ಸಿಗಿಸು."

"ಆಯ್ತಮ್ಮ," ಎಂದ. ಆದರೆ ಮುನಿಯಲ್ಲಪ್ಪನಿಗೆ ಒಂದು ಕಟ್ಟುನಿಟ್ಟಿತ್ತು. ಗಾಳ ಹಾಕಲು ಹೋಗುವವನು ಕುಯ್ಯುವ ಕಬ್ಬಿಣ ಒಯ್ಯಬಾರದು, ಒಯ್ದರೆ ಆ ದಿನ ಒಂದು ಮೀನೂ ಕಚ್ಚುವುದಿಲ್ಲ. ಮೂವತ್ತು ವರ್ಷದಿಂದ ಅದನ್ನು ಮುರಿದವನಲ್ಲ. ಮಗಳು ನೀರಿಗೆ ಹೋದದ್ದನ್ನು ನೋಡಿಕೊಂಡು ಚಾಕನ್ನು ಚೀಲದಿಂದ ತೆಗೆದು, ದೀಪದ ಗೂಡಿನಲ್ಲಿ ಎಣ್ಣೆ ಬಟ್ಟಲ ಹಿಂದೆ ಇಟ್ಟು, ಸ್ಟೇಷನ್ನಿನ ದಾರಿ ಹಿಡಿದ.

ಮಾಲೂರಿನಲ್ಲಿ ಕದಿರೇಶನ ಜೊತೆ ಲಾರಿ ಹತ್ತಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮದ್ರಾಸಿನಲ್ಲಿ ಹೆಂಚು ಇಳಿಸಿದ್ದಾಯಿತು. ಸಂಜೆ ಇಬ್ಬರೂ ಊರ ಹೊರಗೆ ಬೆಸ್ತರ ಗುಡಿಸಲುಗಳಿದ್ದ ದಂಡೆಗೆ ಹೋದರು. ಮರಳು ದಿಬ್ಬ ಹತ್ತಿದ ಮುನಿಯಲ್ಲಪ್ಪ ನಿಂತುಬಿಟ್ಟ. ಕೆರೆಯಾದರೆ ಎಷ್ಟೇ ತುಂಬಿರಲಿ ಆಚೆ ದಡ ಅಂತ ಒಂದಿರುತ್ತದೆ. ಇಲ್ಲಿ ಇರಲಿಲ್ಲ. ನೀರು ಎದ್ದು ಎದ್ದು ಅವನ ಕಡೆಗೇ ಬರುತ್ತಿತ್ತು. ಅವನಿಗೆ ಹೆದರಿಕೆಯಾಯಿತು. ಆದರೆ ತಾನೇ ಎತ್ತಿ ಆಡಿಸಿದ ಹುಡುಗನ ಮುಂದೆ ಅದನ್ನು ಹೇಳಿಕೊಳ್ಳುವುದು ಹೇಗೆ.

"ನೀನು ಇಳಿದು ಎಸಿ. ನಿಂಗೆ ತೋಳಲ್ಲಿ ಬಲ ಐತೆ. ನಾನು ಇಲ್ಲಿಂದ ಹೇಳ್ತೀನಿ," ಎಂದ.

ರೇಷ್ಮೆ ಹುಳವನ್ನು ಸಮುದ್ರ ಮೂಸಿಯೂ ನೋಡಲಿಲ್ಲ. ಮೂರು ಸಲ ಎಸೆದರೂ ಅಲೆ ಹುಳವನ್ನೆಲ್ಲ ತೊಳೆದು ಬರೀ ಗಾಳವನ್ನು ವಾಪಸು ತಂದಿತು. ದೂರದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕ ಬೆಸ್ತನೊಬ್ಬ ಬಂದು ನೋಡಿ, ತನ್ನ ಬುಟ್ಟಿಯಿಂದ ಅಂಗೈಯಗಲದ ಹಸಿ ಮೀನೊಂದನ್ನು ಕೊಟ್ಟ. ಮುನಿಯಲ್ಲಪ್ಪ ಅದನ್ನು ಇಡಿಯಾಗಿ ಗಾಳಕ್ಕೆ ಚುಚ್ಚಿದ. ಆಮೇಲೆ ಹುರಿಯ ತುದಿಯನ್ನು ಕದಿರೇಶನ ಎಡ ಮುಂಗೈಗೆ ಸುತ್ತಿ, ದನ ಕಟ್ಟುವ ಗಂಟು ಹಾಕಿದ. ಎಳೆದಷ್ಟೂ ಬಿಗಿಯುವ ಗಂಟು ಅದು, ಕೆರೆಯಲ್ಲಿ ಅವನು ತನ್ನ ಕೈಗೂ ಹಾಗೇ ಕಟ್ಟಿಕೊಳ್ಳುತ್ತಿದ್ದ.

ಮುದುಕ ಆ ಕೈ ತೋರಿಸಿ ತಮಿಳಿನಲ್ಲಿ ಏನೋ ಹೇಳಿದ. ಲಾರಿಯ ಜೊತೆ ಓಡಾಡಿ ಕದಿರೇಶನಿಗೆ ಆ ಭಾಷೆ ಬರುತ್ತಿತ್ತು.

"ಕೈಗೆ ಕಟ್ಬೇಡಿ ಅಂತಾನೆ ಮಾವ. ಈ ಹೊತ್ನಲ್ಲಿ ದೊಡ್ಡವು ದಂಡೆ ಹತ್ರ ಬರ್ತಾವಂತೆ."

"ದೊಡ್ಡದಕ್ಕೇ ಅಲ್ವಾ ನಾವು ಬಂದಿರೋದು? ಅವನಿಗೆ ಮೀನು ಬಿಟ್ಟು ಬಿಟ್ಟು ಅಭ್ಯಾಸ ಆಗೋಗೈತೆ."

ಮುದುಕ ತಲೆಯಾಡಿಸಿಕೊಂಡು ಬಲೆಯ ಕಡೆ ಹೋದ. ಕದಿರೇಶ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಶ್ಯಾಮಲ ಚಾಕು ಇಟ್ಟಿದಾಳಾ ಮಾವ?"

ಇಲ್ಲ ಎನ್ನಬಹುದಿತ್ತು. ಇಲ್ಲವೆಂದರೆ ಇವನು ಗಂಟು ಬಿಚ್ಚು ಅನ್ನುತ್ತಾನೆ, ಬಂದದ್ದೆಲ್ಲ ದಂಡವಾಗುತ್ತದೆ. ಮುನಿಯಲ್ಲಪ್ಪ ಮುಖ ಬೇರೆ ಕಡೆ ತಿರುಗಿಸಿ, "ಚೀಲದಲ್ಲೈತೆ, ಹೋಗು," ಎಂದ.

ಕದಿರೇಶ ನಂಬಿದ. ಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗಿಳಿದು, ಗಾಳದ ಭಾರಕ್ಕೆ ಕಟ್ಟಿದ್ದ ಸೀಸದ ಗುಂಡನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಅಲೆಯಾಚೆಗೆ ಎಸೆದ. ಒಂದು ಬೀಡಿ ಸೇದುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುರಿ ಒಂದು ಕಡೆಗೆ ಮೆಲ್ಲಗೆ ಜರುಗತೊಡಗಿತು.

"ಹತ್ತೈತೆ ಮಾವ," ಎಂದು ಕದಿರೇಶ ನಕ್ಕ.

ನಗುತ್ತಿದ್ದವನು ಮುಗ್ಗರಿಸಿದ. ಎದ್ದು ನಿಂತ, ನೀರು ಎದೆಗೆ ಬಂದಿತ್ತು. ಎರಡೂ ಕೈಯಲ್ಲಿ ಹುರಿ ಹಿಡಿದು ಹಿಂದಕ್ಕೆ ವಾಲಿದ, ಆದರೂ ಒಂದೊಂದೇ ಹೆಜ್ಜೆ ಮುಂದಕ್ಕೇ ಹೋಗುತ್ತಿದ್ದ. ಬಲಗೈಯಿಂದ ಗಂಟು ಕೀಳಲು ನೋಡಿದ. ಅದು ಆಗಲೇ ಚರ್ಮದೊಳಗೆ ಇಳಿದಿತ್ತು. ಅಲೆ ಅವನ ತಲೆಯ ಮೇಲೆ ಹಾದು ಹೋಯಿತು. ಮತ್ತೆ ಮುಖ ಕಂಡಾಗ ಅವನು ನಗುತ್ತಿರಲಿಲ್ಲ.

"ಮಾವ, ಚಾಕು."

ಮುನಿಯಲ್ಲಪ್ಪ ಚೀಲದ ಹತ್ತಿರ ಓಡಿದ. ಇಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಚೀಲದೊಳಗೆ ಕೈ ಹಾಕಿದ. ರೊಟ್ಟಿಯ ಗಂಟು, ಹುಳದ ಡಬ್ಬಿ, ಒಣ ಪಂಚೆ, ಎಲ್ಲ ತಡಕಿದ.

"ಮಾವ, ಬೇಗ."

ಆಗ ಅವನು ನೀರಿಗೆ ಬಿದ್ದ. ಹೆದರಿಕೆ ಗಿದರಿಕೆ ಏನೂ ನೆನಪಿರಲಿಲ್ಲ. ಕದಿರೇಶನ ಕೈ ಸಿಕ್ಕಿತು, ಹುರಿಯನ್ನು ಬಾಯಿಗೆ ಹಾಕಿ ಕಚ್ಚಿದ. ಕೋಲಾರದ ರಸ್ತೆಯಲ್ಲಿ ಇಬ್ಬರು ಗಂಡಸರು ಎಳೆದು ಪರೀಕ್ಷೆ ಮಾಡಿದ ಹುರಿ. ಅವನ ಮುಂದಿನ ಹಲ್ಲು ಮುರಿಯಿತು, ಅದು ಕಡಿಯಲಿಲ್ಲ. ಅಲೆಯೊಂದು ಅವನನ್ನು ಎತ್ತಿ ದಂಡೆಗೆ ಒಗೆಯಿತು. ಮುದುಕ ಬೆಸ್ತ ಚಾಕು ಹಿಡಿದು ಈಜಿಹೋಗಿ ಹುರಿ ಕುಯ್ದು ಕದಿರೇಶನನ್ನು ಎಳೆದು ತರುವ ಹೊತ್ತಿಗೆ ಅವನ ಉಸಿರು ನಿಂತಿತ್ತು. ಹುರಿಯ ಆ ತುದಿಯಲ್ಲಿ ಇದ್ದದ್ದು ಏನೆಂದು ಯಾರಿಗೂ ಕಾಣಿಸಲಿಲ್ಲ.

ಪೊಲೀಸರ ಕಾಗದ ಪತ್ರ ಮುಗಿಸಿ, ಹೆಂಚಿಗೆ ಹಾಸಿದ್ದ ಹುಲ್ಲಿನ ಮೇಲೆಯೇ ಮಲಗಿಸಿ, ಅದೇ ಲಾರಿಯಲ್ಲಿ ತಂದರು. ಮೂರನೆಯ ದಿನ ಬೆಳಿಗ್ಗೆ ಲಾರಿ ಟೇಕಲ್ಲಿನ ಮನೆಯ ಮುಂದೆ ನಿಂತಿತು. ಮುನಿಯಲ್ಲಪ್ಪನ ಹೆಂಡತಿ ಅಕ್ಕಯಮ್ಮ ಅಳುತ್ತಾ ಓಡಿ ಬಂದಳು. ಆಷಾಢದಲ್ಲಿ ಅಳಿಯ ಬಾಗಿಲಿಗೆ ಬಂದನಲ್ಲಪ್ಪಾ ಎಂದು ಎದೆ ಬಡಿದುಕೊಂಡಳು.

ಶ್ಯಾಮಲಮ್ಮ ಅಳಲಿಲ್ಲ. ಅವಳ ಕೈಯಲ್ಲಿ ಚಾಕು ಇತ್ತು. ಅಪ್ಪ ಹೊರಟ ಸಂಜೆಯೇ ದೀಪ ಹಚ್ಚಲು ಎಣ್ಣೆ ಬಟ್ಟಲು ತೆಗೆದಾಗ ಅದು ಸಿಕ್ಕಿತ್ತು. ಮೂರು ದಿನದಿಂದ ಅವಳು ಅದನ್ನು ಕೆಳಗಿಟ್ಟಿರಲಿಲ್ಲ.

"ಬಾವ ಚಾಕು ಕೇಳಿದ್ರಾ ಅಪ್ಪಾ?"

ಒಬ್ಬನಿಗೆ ಸುಳ್ಳು ಹೇಳಿ ಆಗಿತ್ತು. ಮುನಿಯಲ್ಲಪ್ಪ ಮುರಿದ ಹಲ್ಲಿನ ಬಾಯಿ ತೆರೆದು, "ಕೇಳ್ದ ಕಣಮ್ಮ. ಎರಡು ಸಲ," ಎಂದ.

ಅವಳು ಲಾರಿ ಹತ್ತಿ ಹುಲ್ಲಿನ ಮೇಲೆ ಕೂತಳು. ಯಾರಿಂದಲೂ ಬಿಚ್ಚಲಾಗದೆ ಹುರಿಯ ಸುತ್ತು ಗಂಡನ ಮುಂಗೈಯಲ್ಲಿ ಹಾಗೇ ಉಳಿದಿತ್ತು. ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚರ್ಮಕ್ಕೆ ತಾಗದ ಹಾಗೆ ಚಾಕಿನ ಅಲಗನ್ನು ಹುರಿಯ ಕೆಳಗೆ ತೂರಿಸಿ ಎಳೆದಳು. ಒಂದೇ ಎಳೆತಕ್ಕೆ ಅದು ಕಡಿದು ಬಿತ್ತು.