ಚಿಪ್ಪಿನೊಳಗಿನ ಅಮ್ಮ

ಶಿವಲಿಂಗಂ ಆಚಾರಿ ಮೂಗುತಿಯ ತಿರುಪಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟು, ಹೆಣದ ಮುಖವನ್ನು ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿಕೊಂಡ.

"ಬಾ ತಾಯಿ, ಬಾ," ಎಂದು ಮೂಗುತಿಯನ್ನೇ ಮಾತಾಡಿಸಿದ. "ಇಷ್ಟು ವರ್ಷ ಕೂತಿದ್ದು ಸಾಕಾಗ್ಲಿಲ್ವಾ?"

"ಅವಳಂಗೇ ಅದೂ ಅಟಮಾರಿ," ಎಂದಳು ಗೋಡೆಗೊರಗಿದ್ದ ದೊಡ್ಡಮುನಿಯಮ್ಮ. ಸತ್ತ ಸಿದ್ದಲಕ್ಷ್ಮಮ್ಮ ಅವಳ ತಮ್ಮನ ಹೆಂಡತಿ. ಇಬ್ಬರೂ ಒಂದೇ ಒಲೆಯ ಮುಂದೆ ಜಗಳವಾಡುತ್ತಲೇ ಮುದುಕಿಯರಾಗಿದ್ದರು.

ಮೂಗುತಿ ಬಂತು. ಆಚಾರಿ ಅದನ್ನು ಎಲೆಯ ಮೇಲಿಟ್ಟ. ಹೆಣದ ಕಾಲ ಬಳಿ ಕೂತಿದ್ದ ಮೊಮ್ಮಗಳು ಅಂಜಮ್ಮ ಮಡಿಲಲ್ಲಿದ್ದ ಪುಟ್ಟ ಮರದ ಹಲಗೆಯನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿಕೊಂಡಳು.

"ಅಂಜೀ, ಅಮ್ಮನ್ನ ಗೂಡಲ್ಲಿಡು."

"ಇಡಲ್ಲ ದೊಡ್ಡಜ್ಜಿ. ಅಜ್ಜಿ ಎದೆ ಮೇಲಿಟ್ಟು ಕಳಿಸ್ತೀನಿ ಅಂತ ಮಾತು ಕೊಟ್ಟಿವ್ನಿ."

"ಮನೆ ಸಾಮೀನ ಗುಂಡಿಗಾಕ್ತಾರೇನೇ? ಬರೋ ಪೊಂಗಲ್‌ಗೆ ಯಾರಿಗೆ ಎಡೆ ಇಡೋದು, ನಿನ್ನ ತಲೆಗಾ?"

ಹಲಗೆಯ ಮೇಲೆ ಕೂತಿದ್ದವಳು ಮನೆಯಮ್ಮ. ಕೋಳಿಮೊಟ್ಟೆಯಷ್ಟಗಲದ ಒಂದು ಹೆಣ್ಣಿನ ಮುಖ. ವರ್ಷ ವರ್ಷ ಬಳಿದ ಅರಿಸಿನ ಕುಂಕುಮದಲ್ಲಿ ಮೂಗಿನ ತುದಿ, ತುರುಬಿನ ಉಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಏಳು ತಲೆಮಾರಿನ ಹಿಂದೆ ಮದುವೆಗೆ ಮೊದಲೇ ತೀರಿಕೊಂಡ ಈ ಮನೆಯ ಹೆಣ್ಣುಮಗಳು ಕಲ್ಲಿನ ಮುಖವಾಗಿ ಮರಳಿ ಬಂದಳೆಂದು ಎಲ್ಲರೂ ನಂಬಿದ್ದರು.

ಹೊರಗೆ ಚಟ್ಟ ಕಟ್ಟಿಸುತ್ತಿದ್ದ ನಾರಪ್ಪ ಗದ್ದಲ ಕೇಳಿ ಒಳಗೆ ಬಂದ. ತಾಯಿಯ ಹೆಣ, ಸೋದರತ್ತೆಯ ಕೋಪ, ಮಗಳ ಕಣ್ಣು, ಮೂರನ್ನೂ ನೋಡಿ ಆಚಾರಿಯ ಕಡೆ ತಿರುಗಿದ.

"ಆಚಾರ್ರೇ, ನೀವೇ ನೋಡಿ ಏಳಿ. ಇರೀಕರ ಕಾಲದ್ದಾದ್ರೆ ಮನೇಲಿರ್ಲಿ. ನಮ್ಮಮ್ಮನದ್ದೇ ಆದ್ರೆ ಅವಳ ಜತೇಲೇ ಓಗ್ಲಿ."

ಅಂಜಮ್ಮ ಒಲ್ಲದ ಕೈಯಿಂದ ಹಲಗೆ ಕೊಟ್ಟಳು.

*

ಹುಣಸೆಹಣ್ಣಿನ ಬೀಜ ಬಿಡಿಸುವ ಮಧ್ಯಾಹ್ನಗಳಲ್ಲಿ ಅಜ್ಜಿ ಒಂದು ಕತೆ ಹೇಳುತ್ತಿದ್ದಳು.

"ಒಂದು ಬೆಟ್ಟ ಇತ್ತಂತೆ. ಅಲ್ಲಿ ಮೋಡ ಕರು ತರ ಮನೆಯೊಳಕ್ಕೇ ನುಗ್ಗಿ ಬತ್ತಿತ್ತಂತೆ. ಆ ಬೆಟ್ಟದ ರಾಣಿಗೆ ಮಗು ಆಯ್ತು, ಹಾಲು ಬರ್ಲಿಲ್ಲ. ಕೂಲಿ ಎಂಗಸು ಒಬ್ಳಿಗೆ ಹಾಲು ಇತ್ತು. ಒಂದು ಎದೆ ತನ್ನ ಕರೀ ಹಕ್ಕಿಗೆ, ಇನ್ನೊಂದು ಎದೆ ರಾಣಿ ಚಿನ್ನದ ಹಕ್ಕಿಗೆ ಕೊಟ್ಟಳಂತೆ."

"ಆಮೇಲೆ?"

"ಆಮೇಲೆ ಕರೀ ಹಕ್ಕಿ ಹಾರೋಯ್ತು."

"ಎಲ್ಲಿಗಜ್ಜಿ?"

"ಬೀಜ ಬಿಡ್ಸು. ಬಾಯಿಗಿಂತ ಕೈ ಮುಂದಿರ್ಲಿ."

ಕತೆ ಅಲ್ಲಿಂದ ಮುಂದೆ ಹೋಗಿದ್ದೇ ಇಲ್ಲ. ಹತ್ತು ದಿನದ ಹಿಂದೆ ಜ್ವರದಲ್ಲಿ ಬೇಯುತ್ತಿದ್ದ ಅಜ್ಜಿ ಅಂಜಮ್ಮನ ಕೈ ಹಿಡಿದು ಗೂಡಿನ ಕಡೆ ನೋಡಿದ್ದಳು. "ಅಮ್ಮನ್ನ ನನ್ನೆದೆ ಮೇಲಿಟ್ಟು ಕಳಿಸು ಕಣೇ. ಅವಳಿಗೆ ಅಸಿವಾಗ್ತದೆ," ಎಂದಿದ್ದಳು. ಜ್ವರದ ಮಾತೆಂದುಕೊಂಡೇ ಅಂಜಮ್ಮ ಹೂಂ ಅಂದಿದ್ದಳು.

*

ಆಚಾರಿ ಕೆಂಡದ ಬೋಗುಣಿಯ ಮೇಲೆ ಹಲಗೆಯನ್ನು ಎತ್ತರದಲ್ಲಿ ಹಿಡಿದು ಹದವಾಗಿ ಕಾಯಿಸಿದ. ಅಂಟಿಸಿದ್ದ ಅರಗು ಮೆತ್ತಗಾಯಿತು. ಮುಖವನ್ನು ಸಣ್ಣ ಉಳಿಯಿಂದ ಎಬ್ಬಿಸಿ, ಅಂಟುವಾಳದ ನೀರಿನಲ್ಲಿ ಒರೆಸಿದ. ಅರಿಸಿನ ಪದರ ಪದರವಾಗಿ ಬಿಟ್ಟುಕೊಂಡಿತು. ಕಂದು ನೆಲದ ಮೇಲೆ ಹಾಲಿನಂಥ ಬಿಳಿ ಮುಖ, ಗುಂಗುರು ಕೂದಲು, ನೀಳವಾದ ಮೂಗು.

ದೊಡ್ಡಮುನಿಯಮ್ಮ ಬಗ್ಗಿ ನೋಡಿದವಳು ಹೌಹಾರಿದಳು. "ಅಯ್ಯೋ, ಇವಳಿಗೆ ಮೂಗೇ ಚುಚ್ಚಿಲ್ವಲ್ಲೋ! ನಮ್ಮನೆ ಎಣ್ಣುಮಗಳು ಬೋಳು ಮೂಗಲ್ಲಿ ಇರ್ತಾಳಾ?"

ಆಚಾರಿ ಅದನ್ನು ಬಾಗಿಲ ಬಿಸಿಲಿಗೆ ಹಿಡಿದ. ಕಂದು ನೆಲದೊಳಗಿಂದ ಬೆಳಕು ಕೆಂಪಗೆ ತೂರಿ ಬಂತು.

"ಕಲ್ಲಲ್ಲಮ್ಮಾ. ಸಮುದ್ರದ ಚಿಪ್ಪು. ಮೇಲಿನ ಬಿಳೀ ಪದರದಲ್ಲಿ ಮುಖ ಕೆತ್ತವ್ರೆ, ಕೆಳಗಿನ ಕಂದು ಅಂಗೇ ಬಿಟ್ಟವ್ರೆ. ವೆಳ್ಳಕ್ಕಾರರ, ಬಿಳೀ ದೊರೆಗಳ ಕೆಲಸ. ಏರ್ಕಾಡು ಬೆಟ್ಟದ ದೊರಸಾನಿಗಳು ಕತ್ತಿನ ಕೆಳಗೆ ಬಟ್ಟೆಗೆ ಚುಚ್ಕೊತಾರೆ. ಸೇಲಂ ಶೆವ್ವಾಪೇಟೇಲಿ ನಮ್ಮಪ್ಪ ಇಂಥವಕ್ಕೆ ಎಷ್ಟೋ ಊಸಿ, ಸೂಜಿ, ಬೆಸೆದವ್ರೆ."

"ಎಷ್ಟು ವರ್ಷದ್ದು?" ನಾರಪ್ಪ ಕೇಳಿದ.

ಆಚಾರಿ ಹಿಂಬದಿಯ ಅರಗನ್ನು ಕೆರೆದು ತೆಗೆದ. ಒಳಗೆ ಮಡಚಿ ಮಲಗಿದ್ದ ಸೂಜಿ ಎದ್ದಿತು. "ಈಗಿನದಕ್ಕೆ ತಿರುಗಿಸಿ ಬೀಗ ಆಕೋ ಪೂಟು ಇರ್ತದೆ, ಬಿದ್ದೋಗದ ಅಂಗೆ. ಇದಕ್ಕೆ ಬರೀ ಕೊಕ್ಕೆ. ಊಸಿನೂ ಅಂಚು ದಾಟಿ ಆಚೆಗೆ ಬಂದೈತೆ. ನಮ್ಮಪ್ಪನ ಕೈಗೆ ಬರ್ತಿದ್ದ ಮಾದರಿ. ಐವತ್ತು ವರ್ಷ ಅನ್ನಿ. ಅರವತ್ತು ದಾಟಲ್ಲ. ಏಳು ತಲೆಮಾರೆಲ್ಲ ಪೊಯ್ಯಿ, ಸುಳ್ಳು."

ಕೊನೆಯ ಅರಗಿನ ಚೂರು ಉದುರಿತು. ಅದರ ಕೆಳಗೆ ಉಗುರಗಲದ ಗಾಜು. ಗಾಜಿನೊಳಗೆ ಎರಡು ಎಳೆ ಕೂದಲು ಒಂದನ್ನೊಂದು ಸುತ್ತಿಕೊಂಡಿದ್ದವು. ಒಂದು ಜೋಳದ ತೆನೆಯ ನಾರಿನಂತೆ ಹೊಂಬಣ್ಣ, ಇನ್ನೊಂದು ಕಪ್ಪು.

ಅಂಜಮ್ಮನ ಕಿವಿಯಲ್ಲಿ ಹುಣಸೆಬೀಜ ಮೊರಕ್ಕೆ ಬೀಳುವ ಸದ್ದು.

"ಕರೀ ಹಕ್ಕಿ," ಎಂದಳು. ಅಜ್ಜಿಯ ಕತೆಯನ್ನು ಅಲ್ಲೇ, ಹೆಣದ ಕಾಲ ಬಳಿಯೇ, ಮೊದಲಿಂದ ಹೇಳಿದಳು.

ದೊಡ್ಡಮುನಿಯಮ್ಮ ಚಿಪ್ಪನ್ನು ಕೈಗೆ ತೆಗೆದುಕೊಂಡು ಗಾಜನ್ನು ಕಣ್ಣ ಹತ್ತಿರ ಹಿಡಿದಳು. "ಪುಟ್ಟತಾಯಿ," ಎಂದಳು. "ನಿಮ್ಮಕ್ಕ ಕಣೋ ನಾರಪ್ಪ. ನೀನು ಉಟ್ಟೋಕೆ ಎರಡು ವರ್ಷ ಮೊದಲಿನ ಮಾತು. ಕಾಫಿ ಕೀಳೋಕೆ ಅಂತ ನಿಮ್ಮಪ್ಪ ನಿಮ್ಮಮ್ಮ ಏರ್ಕಾಡಿಗೋದ್ರು. ಮಗೀನ ಸೊಂಟದಲ್ಲಿಟ್ಕೊಂಡು ಓದೋಳು ಬರಿಗೈಲಿ ಬಂದಳು. ಚಳಿಗೆ ಓಯ್ತು ಅಂದಳು, ಅಷ್ಟೇ. ಮೂರು ದಿನ ಬಾಯಿ ಬಿಡ್ಲಿಲ್ಲ. ನಾಕನೇ ದಿನ, ರಾಗಿ ತುಂಬಿಡೋ ಅಳೇ ಮಣ್ಣಿನ ವಾಡೆಯೊಳಗೆ ಅಮ್ಮ ಸಿಕ್ಕಿದಳು ಅಂತ ಈ ಅಲಗೆ ತಂದಿಟ್ಟಳು."

"ಸುಳ್ಯಾಕೆ ಏಳಿದಳು ಅತ್ತೆ?"

"ದೊರೆ ಮಗೀಗೆ ಎದೆ ಕೊಟ್ಟೆ, ಅದಕ್ಕೆ ದೊರಸಾನಿ ಇದನ್ನ ಕೊಟ್ಟಳು ಅಂದಿದ್ರೆ ನಮ್ಮಮ್ಮ ಒಸಲು ದಾಟೋಕೆ ಬಿಡ್ತಿದ್ಲಾ?"

ಆಮೇಲೆ ಮುದುಕಿಗೆ ಇದ್ದಕ್ಕಿದ್ದಂತೆ ನಗು ಬಂತು. "ನಲವತ್ತೈದು ಪೊಂಗಲ್ಲು! ನಲವತ್ತೈದು ಪೊಂಗಲ್ಲು ಒಬ್ಬ ದೊರಸಾನಿಗೆ ನನ್ನ ಕೈಲಿ ಎಡೆ ಇಡಿಸಿದಾಳಲ್ಲೋ ಈ ಸಿದ್ದಿ!" ನಗುತ್ತ ನಗುತ್ತ ಬಾಯಿಗೆ ಸೆರಗು ಒತ್ತಿಕೊಂಡಳು. ಸೆರಗು ತೆಗೆದಾಗ ನಗುವಿರಲಿಲ್ಲ.

"ದೊರಸಾನಿಗಲ್ಲ ಬಿಡು. ಮದುವೆಯಾಗದೆ ಓದ ಮನೆ ಎಣ್ಣುಮಗಳಿಗೇ ಇಟ್ಟಿದೀನಿ. ಯಾರು ಅಂತ ನಂಗೆ ಗೊತ್ತಿರ್ಲಿಲ್ಲ ಅಷ್ಟೆ." ಅವಳ ಬೆರಳುಗಳು ಚಿಪ್ಪಿನ ಮೇಲೆ ಬಿಗಿಯಾದವು. "ಅಂಗಾದ್ರೆ ಇವಳು ಈ ಮನೇಲೇ ಇರ್ಬೇಕಾದೋಳು."

ಆಚಾರಿ ಗೆದ್ದುಕೊಟ್ಟದ್ದು ಮತ್ತೆ ಕೈಬಿಡುತ್ತಿತ್ತು. ಅಂಜಮ್ಮ ವಾದ ಮಾಡಲಿಲ್ಲ. ಅಜ್ಜಿ ಹೇಳಿದ್ದನ್ನು ಹೇಳಿದಳು.

"ಅವಳಿಗೆ ಅಸಿವಾಗ್ತದೆ ಅಂದಳು ದೊಡ್ಡಜ್ಜಿ. ಎದೆ ಮೇಲಿಡು, ಅವಳಿಗೆ ಅಸಿವಾಗ್ತದೆ ಅಂದಳು."

ಹೊರಗೆ ತಮಟೆ ಒಮ್ಮೆ ಬಡಿದು ನಿಂತಿತು. ದೊಡ್ಡಮುನಿಯಮ್ಮ ಎದ್ದು, ಮಂಡಿಯೂರಿ, ತಮ್ಮನ ಹೆಂಡತಿಯ ಸೆರಗನ್ನು ಎಡಗಡೆ ಸರಿಮಾಡಿದಳು. ಸೂಜಿ ಹೇಗೆ ಚುಚ್ಚುವುದೆಂದು ತಿಳಿಯದೆ ಆಚಾರಿಯ ಮುಖ ನೋಡಿದಳು. ಅವನು ತೋರಿಸಿದ. ಅಂಜಮ್ಮ ಬಟ್ಟೆ ಹಿಡಿದಳು, ಮುದುಕಿ ಕೊಕ್ಕೆಗೆ ಸಿಕ್ಕಿಸಿದಳು. ಕೂದಲಿನ ಕಡೆ ಎದೆಗೆ ತಾಗಿತು.

"ಬಾಯಿಗಕ್ಕಿ ಆಕೋರು ಬನ್ನಿ! ಎತ್ತ ಮಕ್ಕಳು ಮೊದಲು!" ಎಂದು ಹೊರಗಿನಿಂದ ಕೂಗಿದರು.

ನಾರಪ್ಪ ಚಿಟಿಕೆ ಅಕ್ಕಿಯನ್ನು ತಾಯಿಯ ಬಾಯಿಗಿಟ್ಟು ಮುಖ ಮುಚ್ಚಿಕೊಂಡು ಹಿಂದೆ ಸರಿದ. ಮುಂದಿನ ಸರದಿಯವರು ಮುಂದೆ ಬರುವಷ್ಟರಲ್ಲಿ ದೊಡ್ಡಮುನಿಯಮ್ಮ ಅಕ್ಕಿಯ ಮೊರಕ್ಕೆ ಕೈಹಾಕಿದಳು.

"ಇರ್ರಿ, ಮಕ್ಕಳು ಇನ್ನೂ ಮುಗೀಲಿಲ್ಲ," ಎಂದಳು. "ಇದು ಪುಟ್ಟತಾಯಿದು ಸಿದ್ದೀ."

ಮತ್ತೊಂದು ಚಿಟಿಕೆ ತೆಗೆದುಕೊಂಡಳು. ಹೆಸರಿಗಾಗಿ ತುಟಿ ಅಲುಗಿತು. ಹೊಂಬಣ್ಣದ ಕೂದಲಿನ ಕೂಸಿನ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಇದು ಆ ಇನ್ನೊಂದರದ್ದು," ಎಂದು ಅದನ್ನೂ ಇಟ್ಟಳು. ಬಾಯಿ ತುಂಬಿ ತುಟಿಯಂಚಿನಲ್ಲಿ ನಿಂತ ಎರಡು ಕಾಳನ್ನು, ಉಣ್ಣಲೊಲ್ಲದ ಕೂಸಿಗೆ ಉಣಿಸುವವಳಂತೆ, ಕಿರುಬೆರಳಿನಿಂದ ಮೆಲ್ಲಗೆ ಒಳಗೆ ಸರಿಸಿದಳು.