ಗೇಣು ಬಟ್ಟೆ ಹೆಚ್ಚಿಗೆ

ನಮ್ಮ ನಡುಮನೆಗೆ ಕಾರಿನ ಸೀಟುಗಳು ಬಂದಿದ್ದವು, ಕಾರು ಬಂದಿರಲಿಲ್ಲ. ಮುಂದಿನ ಎರಡು ಸೀಟು ಕಿಟಕಿಯ ಕೆಳಗೆ, ಹಿಂದಿನ ಉದ್ದನೆಯದು ಗೋಡೆಗೆ ಒರಗಿಕೊಂಡು. ಪಕ್ಕದ ಮನೆಯಾಕೆ ಬಂದಾಗಲೆಲ್ಲ ಡ್ರೈವರ್ ಸೀಟಿನ ಮೇಲೆ ಕೂತು, ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿ, "ಎಲ್ಲಿಗೆ ಬಿಡ್ಲಿ, ಹೇಳಿ?" ಎಂದು ಕೇಳಿ ತಾವೇ ನಗುತ್ತಿದ್ದರು. "ಎಲ್ಲಿಗೂ ಬೇಡ ಬಿಡಿ, ಇಲ್ಲೇ ಚೆನ್ನಾಗಿದೆ" ಅನ್ನುತ್ತಿದ್ದಳು ಅಕ್ಕ. ನಾನೂ ನಗುತ್ತಿದ್ದೆ. ಅವಳು ಅದನ್ನು ತಮಾಷೆಗೆ ಹೇಳುತ್ತಿರಲಿಲ್ಲ ಎಂದು ನನಗೇನು ಗೊತ್ತು?

ಸೀಟು ಕಳಿಸಿದವರು ಗ್ಯಾರೇಜಿನ ಮೇಸ್ತ್ರಿ. ಹಳೆಯ ಕಾರುಗಳನ್ನು ಹೊಸದು ಮಾಡುವುದು ಅವರ ಕೆಲಸ. ಗ್ಯಾರೇಜಿನ ಬಾಗಿಲಿಗೆ ನಾನು ಹೊಲಿದುಕೊಟ್ಟ ದಪ್ಪ ಪರದೆ ನೋಡಿ, "ಇಷ್ಟು ನೇರ ಹೊಲಿಯೋಳಿಗೆ ಸೀಟು ಹೊಲಿಯೋಕೆ ಬರಲ್ವಾ?" ಅಂದಿದ್ದರು. ಗಿರಾಕಿ ಕೇಳಿದ್ದು ಡೈಮಂಡ್ ಹೊಲಿಗೆ. ರೆಕ್ಸಿನ್ ಕೆಳಗೆ ತೆಳ್ಳನೆಯ ಸ್ಪಂಜು ಇಟ್ಟು, ಓರೆ ಗೆರೆಗಳ ಮೇಲೆ ಆ ಕಡೆಯಿಂದ ಈ ಕಡೆಯಿಂದ ಹೊಲಿದರೆ ಮೈತುಂಬ ವಜ್ರದ ಆಕಾರಗಳು ಉಬ್ಬಿಕೊಂಡು ನಿಲ್ಲುತ್ತವೆ. ಇದೊಂದು ಸರಿಯಾಗಿ ಬಂದರೆ ಮುಂದೆ ಗ್ಯಾರೇಜಿನ ಸೀಟು ಕೆಲಸವೆಲ್ಲ ನನಗೆ. ಅಲ್ಲಿಯ ದೊಡ್ಡ ಮಷೀನು ನನ್ನ ಕೈಗೆ, ಗ್ಯಾರೇಜಿನ ಮೇಲಿನ ಮಹಡಿ ಮನೆ ಇರುವುದಕ್ಕೆ. ಕೆಟ್ಟರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಗ್ಯಾರೇಜು ಇರುವುದು ಊರಿನ ಆ ತುದಿಯಲ್ಲಿ.

ಆ ಮನೆಯಲ್ಲಿ ಇಬ್ಬರು ಇರಬಹುದಾ ಎಂದು ನಾನು ಮೊದಲ ದಿನವೇ ಕೇಳಿಟ್ಟಿದ್ದೆ. ಅಕ್ಕನನ್ನು ಬಿಟ್ಟುಹೋಗುವ ಯೋಚನೆ ನನಗೆ ಕನಸಿನಲ್ಲೂ ಬಂದಿರಲಿಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಶಾಲೆಗೆ ಬಿಟ್ಟು ಬಂದವಳು, ಮಷೀನಿನ ಮುಂದೆ ಕೂರಿಸಿ ಪೆಡಲು ತುಳಿಯಲು ಕಲಿಸಿದವಳು ಅವಳೇ. ಕೆಲಸದ ಜೊತೆ ಮನೆ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಇಬ್ಬರಿಗೆ ಕೇಳಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದಳು. ಸೀಟು ಕಾರಿನೊಳಗೆ ಕೂರಲಿ, ಆಮೇಲೆ ಹೇಳಿ ಅವಳ ಮುಖ ನೋಡೋಣ ಅಂದುಕೊಂಡೆ. ನನ್ನಂಥ ಬಾಯಿಬಡುಕಿ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅದೇ ಮೊದಲು.

ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹಾಸಿಗೆಯಡಿ ಇಟ್ಟು ಚಪ್ಪಟೆ ಮಾಡಿ, ಅವನ್ನೇ ಅಚ್ಚಾಗಿಟ್ಟುಕೊಂಡು ಹೊಸ ರೆಕ್ಸಿನ್ ಕತ್ತರಿಸಿದೆ. ಕಡು ಕಂದು ಬಣ್ಣ, ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಸುರುಳಿ. ಗೆರೆ ಎಳೆಯುವಾಗ ಉದ್ದ ಸ್ಕೇಲಿನ ಒಂದು ತುದಿ ನಾನು ಒತ್ತಿ ಹಿಡಿದರೆ ಇನ್ನೊಂದು ತುದಿ ಅಕ್ಕ ಹಿಡಿದಳು. ಒಂದೊಂದು ಗೆರೆಗೂ "ಸರಿ ಇದೆಯಾ?" ಎಂದು ಕೇಳುತ್ತಿದ್ದೆ. "ಸರಿ ಇದೆ" ಅನ್ನುತ್ತಿದ್ದಳು. ಅಕ್ಕ ರಜಾಯಿ ಹೊಲಿಯುವವಳು. ಅವಳ ರಜಾಯಿಗೆ ನಾಲ್ಕು ಬೀದಿಯಲ್ಲಿ ಹೆಸರಿದೆ. ಬಟ್ಟೆ ಕತ್ತರಿಸುವುದು, ಹತ್ತಿ ತುಂಬುವುದು, ಅದುಮಿ ಹೊಲಿಯುವುದು ಎಲ್ಲ ಅವಳದೇ. ನನ್ನ ಕೈಗೆ ಬರುತ್ತಿದ್ದದ್ದು ಕಡೆಗೆ ಅಂಚು ಕಟ್ಟುವುದಕ್ಕೆ ಮಾತ್ರ. ಅವಳು ಪಕ್ಕದಲ್ಲಿದ್ದಾಳೆ ಎಂಬ ಧೈರ್ಯದ ಮೇಲೆಯೇ ನಾನು ಕತ್ತರಿ ಆಡಿಸಿದ್ದು.

ವಜ್ರಗಳು ಎಷ್ಟು ಚೆನ್ನಾಗಿ ಬಂದವೆಂದರೆ, ನನ್ನ ಕೈಗೆ ನಾನೇ ದೃಷ್ಟಿ ತೆಗೆಯಬೇಕು ಅನ್ನಿಸಿತು. ಮೂಲೆಗೆ ಮೂಲೆ ಕೂಡಿತ್ತು, ಎಲ್ಲೂ ದಾರ ಸಡಿಲಿರಲಿಲ್ಲ. ಆದರೆ ನಡುವಿನ ಆ ತುಂಡನ್ನು ಬದಿಯ ತುಂಡುಗಳಿಗೆ ಜೋಡಿಸಲು ಹೋದರೆ ಕೂಡಲೇ ಇಲ್ಲ. ನಾಲ್ಕೂ ಕಡೆ ಎರಡೆರಡು ಬೆರಳು ಗಿಡ್ಡ. ಒಂದಲ್ಲ, ಎಲ್ಲ ಸೀಟಿನದೂ ಅದೇ ಕಥೆ. ಎಳೆದು ಪಿನ್ನು ಹಾಕಿ ಸೀಟಿಗೆ ತೊಡಿಸಿ ನೋಡಿದರೆ, ತಮ್ಮನ ಅಂಗಿ ಹಾಕಿಕೊಂಡ ದಡಿಯನ ಹಾಗೆ ಕಂಡಿತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಕುಗ್ಗೋ ಮಾಲು ಕೊಟ್ಟಿದ್ದಾರೆ ಆ ಅಂಗಡಿಯವರು! ಇವತ್ತು ಅವರೋ ನಾನೋ, ನೋಡೇಬಿಡ್ತೀನಿ!" ಎಂದು ತುಂಡುಗಳನ್ನು ಬಾಚಿಕೊಂಡು ಎದ್ದೆ.

ಅಕ್ಕ ಬಾಗಿಲಿಗೆ ಅಡ್ಡ ಬಂದಳು. "ಹೋಗ್ಲಿ ಬಿಡು. ಅವರ ಹತ್ರ ಯಾಕೆ ಜಗಳ? ಆ ಕೆಲಸ ನಮ್ಮ ಹಣೇಲಿ ಬರೆದಿಲ್ಲ ಅಂತ ಕಾಣುತ್ತೆ."

ಎಷ್ಟು ಒಳ್ಳೆಯವಳು ನಮ್ಮಕ್ಕ, ಯಾರ ಮೇಲೂ ದೂರಿಲ್ಲ ಅಂದುಕೊಂಡು ಅವಳನ್ನು ದಾಟಿಕೊಂಡು ಹೋದೆ. ಅವಳು ಮನೆಗೆ ಬೀಗ ಹಾಕಿ ಹಿಂದೆಯೇ ಓಡಿಬಂದಳು.

ರೆಕ್ಸಿನ್ ಅಂಗಡಿಯವರು ನನ್ನ ಬೈಗುಳವನ್ನೆಲ್ಲ ಕಿವಿ ಕೆರೆದುಕೊಳ್ಳುತ್ತ ಕೇಳಿದರು. "ರೆಕ್ಸಿನ್ ಎಲ್ಲಾದ್ರೂ ಕುಗ್ಗುತ್ತೇನಮ್ಮ? ಒಗೆದು ಬಿಸಿಲಿಗೆ ಹಾಕಿದ್ಯಾ?" ಅಂದರು. ತುಂಡನ್ನು ತಿರುಗಿಸಿ ನೋಡಿದ ಮೇಲೆ ಅವರ ನಗು ನಿಂತಿತು. "ಅಯ್ಯೋ, ಅಳತೆಗೆ ಕತ್ತರಿಸಿ ಆಮೇಲೆ ಹೊಲಿದ್ಯಾ? ಸ್ಪಂಜು ಇಟ್ಟು ಹೊಲಿದ್ರೆ ಯಾವ ಬಟ್ಟೆಯಾದ್ರೂ ಒಳಕ್ಕೆ ಎಳ್ಕೊಳ್ಳುತ್ತೆ. ದೊಡ್ಡದಾಗಿ ಇಟ್ಕೊಂಡು ಹೊಲಿದು, ಕಡೇಲಿ ಕತ್ತರಿಸಬೇಕು. ಈಗ ಬಿಚ್ಚಿದ್ರೂ ಸೂಜಿ ತೂತು ಹೋಗಲ್ಲ. ಆ ಬಣ್ಣನೂ ಮುಗೀತು."

ಅವರು ನನ್ನ ಭುಜದಾಚೆ ನೋಡಿದರು. "ಅಲ್ಲಮ್ಮ, ನಿಮ್ಮಕ್ಕನ್ನ ಒಂದು ಮಾತು ಕೇಳಬಾರದಿತ್ತಾ? ರಜಾಯಿ ಬಟ್ಟೆಗೆ ಬಂದಾಗಲೆಲ್ಲ 'ಗೇಣು ಹೆಚ್ಚಿಗೆ ಕೊಡಿ, ಹೊಲಿದ್ರೆ ಎಳ್ಕೊಳ್ಳುತ್ತೆ' ಅಂತ ನನಗೇ ಪಾಠ ಹೇಳ್ತಾರೆ."

ಹಿಂತಿರುಗಿ ನೋಡಿದೆ. ಅಕ್ಕ ಗುಂಡಿಗಳ ಡಬ್ಬಿ ಮುಂದೆ ನಿಂತು, ಯಾರಿಗೂ ಬೇಡದ ಗುಂಡಿ ಆರಿಸುತ್ತಿದ್ದಳು.

ಮನೆಯ ಬಾಗಿಲು ಹಾಕಿದ ಮೇಲೆ ಕೇಳಿದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸ್ಕೇಲು ಹಿಡ್ಕೊಂಡು ಕೂತಿದ್ಯಲ್ಲ ಅಕ್ಕ! ಸರಿ ಇದೆ, ಸರಿ ಇದೆ ಅಂತ!"

"ಎಷ್ಟೋ ಸಲ ಬಾಯಿಗೆ ಬಂತು, ನುಂಗ್ಕೊಂಡೆ. ಇದು ಕೆಟ್ರೆ ನೀನು ಇಲ್ಲೇ ಇರ್ತೀಯ ಅನ್ನಿಸ್ತು." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀನು ಹೋದ್ರೆ ನನಗೆ ಯಾರಿದ್ದಾರೆ ಹೇಳು?"

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಎಷ್ಟು ಸಲ ಕೇಳಿದ್ದೇನೋ, ಅದರ ಅರ್ಥ ತಿಳಿದದ್ದು ಆಗ. ಹೋಗಬೇಡ ಎಂದು ಕೈ ಹಿಡಿದುಕೊಂಡಿದ್ದರೆ ನಾನು ಕರಗಿಹೋಗುತ್ತಿದ್ದೆ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಇವಳು ನನ್ನ ಕೆಲಸವನ್ನು ನನ್ನ ಕೈಯಿಂದಲೇ ಕೆಡಿಸಿದ್ದಳು, ಅದೂ ಬೆನ್ನು ತಟ್ಟುತ್ತ. ಮಹಡಿ ಮನೆಯಲ್ಲಿ ಇಬ್ಬರಿಗೆ ಕೇಳಿದ್ದೇನೆ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂತು. ನಾನೂ ನುಂಗಿಕೊಂಡೆ.

ಅಕ್ಕ ನೆಲ ನೋಡುತ್ತ ಹೇಳಿದಳು: "ಸುತ್ತ ಬೇರೆ ಬಣ್ಣದ ಪಟ್ಟಿ ಕೊಡು. ಅಳತೆ ಕೂಡುತ್ತೆ. ಬೇಕು ಅಂತಲೇ ಮಾಡಿದ ಹಾಗೆ ಕಾಣುತ್ತೆ."

"ಇದೂ ಮೊದಲೇ ಗೊತ್ತಿತ್ತಾ?"

ಅವಳು ಎದ್ದು ಅಡುಗೆಮನೆಗೆ ಹೋದಳು.

ಕೆನೆಬಣ್ಣದ ರೆಕ್ಸಿನ್ ತಂದು ಪಟ್ಟಿ ಕೊಟ್ಟೆ. ಕಂದು ವಜ್ರಗಳ ಸುತ್ತ ಆ ಪಟ್ಟಿ ಬಂದದ್ದೇ, ಸೀಟಿನ ಅಂದ ನಾನು ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಅದನ್ನು ಕಂಡು ನನ್ನ ಕೋಪ ಇನ್ನೂ ಏರಿತು. ಹೊದಿಕೆ ತೊಡಿಸುವುದು ಒಬ್ಬರಿಂದ ಆಗದ ಕೆಲಸ. ಒಬ್ಬರು ಮಂಡಿ ಊರಿ ಸ್ಪಂಜು ಅದುಮಿ ಹಿಡಿಯಬೇಕು, ಇನ್ನೊಬ್ಬರು ಬಟ್ಟೆ ಎಳೆದು ಕೆಳಗಿನ ಕಂಬಿಗೆ ಸಿಕ್ಕಿಸಬೇಕು. ನಾನು ಕರೆಯಲಿಲ್ಲ. ಅಕ್ಕ ತಾನೇ ಬಂದು ಮಂಡಿ ಊರಿದಳು. "ಇನ್ನೂ ಒತ್ತು", "ಬಿಡು", ಇಷ್ಟೇ ಮಾತು. ಮೊದಲಾದರೆ ಇಂಥ ಕೆಲಸದಲ್ಲಿ ಇಬ್ಬರೂ ನಕ್ಕು ನಕ್ಕು ಉರುಳುತ್ತಿದ್ದೆವು.

ಮೇಸ್ತ್ರಿ ವ್ಯಾನು ತಂದರು. ಸೀಟಿನ ಮೇಲೆ ಅಂಗೈ ಆಡಿಸಿ, ಪಟ್ಟಿಯ ಮೇಲೆ ಬೆರಳು ಓಡಿಸಿ, "ಈ ಪಟ್ಟಿ ಹಾಕೋ ಬುದ್ಧಿ ಯಾರದಮ್ಮ?" ಅಂದರು.

"ಅಕ್ಕಂದು" ಅಂದೆ. ಸುಳ್ಳು ಹೇಳುವುದು ನನಗೆ ಬೇಕಿರಲಿಲ್ಲ.

"ಹಾಗಾದ್ರೆ ಇಬ್ಬರೂ ಬಂದುಬಿಡಿ, ಇನ್ನೇನು!" ಅವರು ಅಕ್ಕನ ಕಡೆ ತಿರುಗಿದರು. "ಮಹಡಿ ಮನೆಗೆ ಬಣ್ಣ ಹೊಡೆಸಿದ್ದೀನಿ. ಇಬ್ಬರಿಗೆ ಜಾಗ ಸಾಲುತ್ತಾ ಅಂತ ನಿಮ್ಮ ತಂಗಿ ಮೊದಲ ದಿನವೇ ಕೇಳಿದ್ಲು. ಧಾರಾಳ ಸಾಲುತ್ತೆ."

ಹಿಂದಿನ ಸೀಟಿನ ಒಂದು ತುದಿ ಅಕ್ಕನ ಕೈಯಲ್ಲಿತ್ತು. ಅವಳು ಅದನ್ನು ವ್ಯಾನಿಗೆ ಏರಿಸುವುದನ್ನೂ ಮರೆತು ನನ್ನನ್ನೇ ನೋಡುತ್ತ ನಿಂತಳು. ನಾನು ನನ್ನ ತುದಿಯನ್ನು ಒಳಗೆ ತಳ್ಳಿದೆ.

ವ್ಯಾನು ಹೋಯಿತು. ನಡುಮನೆ ಬರಿದಾಗಿತ್ತು. ನಾನು ನನ್ನ ಬಟ್ಟೆ ಮಡಚಲು ಶುರು ಮಾಡಿದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು, ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದಳು: "ಇಬ್ಬರಿಗೆ ಜಾಗ ಇದೆಯಂತಲ್ಲ?"

"ಇತ್ತು" ಅಂದೆ.

ಹಾಗೆ ಅಂದರೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆದರೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.